ರೂಮಿನವರ ಸುದ್ದಿ

ಇಪ್ಪತ್ತು ಪ್ರಶ್ನೆಗಳ ಆ ಹಾಳೆ ಒಮಾನ್ ದೇಶದ ರುವಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬಂದದ್ದು ತೊಂಬತ್ತೆರಡರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಮನಸ್ಸಿನ ಕಾಯಿಲೆಯೆಂದರೆ ದೊಡ್ಡ ಆಸ್ಪತ್ರೆಯ ಮಾತು. ಅಲ್ಲಿಗೆ ಹೋಗಿಬಂದವನನ್ನು ಕಂಡರೆ ಪಕ್ಕದ ಮನೆಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುವ ಕಾಲ. ಇನ್ನು ಹಾಗಾಗಬಾರದು, ಜ್ವರಕ್ಕೂ ಕೆಮ್ಮಿಗೂ ಜನ ಬರುವ ಜಾಗದಲ್ಲೇ ಮನಸ್ಸನ್ನೂ ವಿಚಾರಿಸಬೇಕು ಎಂದು ಸರ್ಕಾರ ಹೊಸ ಯೋಜನೆ ಹಾಕಿತ್ತು. ಮೊದಲು ಕೆಲವು ಕೇಂದ್ರಗಳಲ್ಲಿ ಮೂರು ತಿಂಗಳು ನಡೆಸಿ ನೋಡುವುದು, ಯಾವ ಭಾಷೆಯವರಿಗೆ ಅಗತ್ಯ ಕಂಡುಬರುತ್ತದೋ ಅವರಿಗಾಗಿ ವಾರಕ್ಕೊಂದು ದಿನ ಕುಳಿತು ಮಾತಾಡುವ ವ್ಯವಸ್ಥೆ ಮಾಡುವುದು, ಹೀಗೆ.

ಕನ್ನಡ ಬಲ್ಲವರಿಗಾಗಿ ಆ ಹಾಳೆಯನ್ನು ಕನ್ನಡಕ್ಕೆ ತಿರುಗಿಸಿ ಬರೆಯುವ ಕೆಲಸ ಉಮಾವತಿಯ ಪಾಲಿಗೆ ಬಂತು. ಅವಳು ಅಲ್ಲಿ ಆರು ವರ್ಷದಿಂದ ಫೈಲುಗಳ ಕೌಂಟರಿನಲ್ಲಿ ಕುಳಿತವಳು. ಸುರತ್ಕಲ್ ಕಡೆಯವಳು, ಬಿ.ಎ. ಮಾಡಿದವಳು, ಅಕ್ಷರ ದುಂಡಗೆ. ದನಿ ಮಾತ್ರ ಎಷ್ಟು ಸಣ್ಣದೆಂದರೆ ಬಂದವರು ಗಾಜಿನ ತೂತಿಗೆ ಕಿವಿ ಕೊಟ್ಟು ಕೇಳಬೇಕು.

“ಉಮಕ್ಕಾ, ನೀವು ಮಾತಾಡಿದ್ದು ನಿಮ್ಮ ಫೈಲುಗಳಿಗೆ ಮಾತ್ರ ಕೇಳುದು,” ಎಂದು ನರ್ಸ್ ಒಲಿಂಡಾ ದಿನಕ್ಕೊಮ್ಮೆಯಾದರೂ ಅವಳನ್ನು ಕೀಟಲೆ ಮಾಡುತ್ತಿದ್ದಳು. ಒಲಿಂಡಾ ಉಡುಪಿಯ ಕೊಂಕಣಿ ಹೆಂಗಸು. ಬಾಯಿ ಜೋರು, ಕೈ ಮೃದು. ಇಂಜೆಕ್ಷನ್ ಕೊಟ್ಟು ಮುಗಿಸಿದ ಮೇಲೂ ಜನ ಇನ್ನೂ ಕೊಟ್ಟಿಲ್ಲವೆಂದು ಕಣ್ಣು ಮುಚ್ಚಿಕೊಂಡೇ ಕೂತಿರುತ್ತಿದ್ದರು.

ರಾತ್ರಿ ನಿದ್ದೆ ಕೆಟ್ಟಿದೆಯೇ, ಊಟ ಸೇರುತ್ತಿಲ್ಲವೇ, ಸುಮ್ಮಸುಮ್ಮನೆ ಅಳು ಬರುತ್ತದೆಯೇ ಎಂದು ಒಂದೊಂದೇ ಬರೆಯುತ್ತ ಹೋದ ಉಮಾವತಿಯ ಪೆನ್ನು ಹದಿನೇಳನೆಯದಕ್ಕೆ ಬಂದು ನಿಂತುಬಿಟ್ಟಿತು. ‘ನೀವು ಇದ್ದರೂ ಇಲ್ಲದಿದ್ದರೂ ಯಾರಿಗೂ ವ್ಯತ್ಯಾಸವಿಲ್ಲ ಅನ್ನಿಸುತ್ತದೆಯೇ?’ ಹತ್ತು ದಿನದ ಹಿಂದೆ ಮನೆಯಲ್ಲಿ ಅವಳ ಗಂಡ ಸಂಕಪ್ಪ ಒಣಗಿದ ಲುಂಗಿ ಮಡಚುತ್ತ, ನಾಳೆಗೆ ಹಾಲು ಉಂಟಾ ಎಂದು ಕೇಳುವ ದನಿಯಲ್ಲಿ ಹೇಳಿದ್ದ, “ನಾನು ಇಲ್ಲದಿದ್ದರೂ ನಿನಗೆ ನಡೀತದೆ ಅಲ್ಲಾ? ನಿನಗೆ ಕೆಲಸ ಉಂಟು.” ಅವಳು ಎಂತ ಮಾತು ಅಂತ ಆಡ್ತೀರಿ ಎಂದು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಿದ್ದಳು.

ಸಂಕಪ್ಪ ಒಂದು ಕಂಪೆನಿಯ ಸ್ಟಾಫ್ ಬಸ್ಸಿನ ಡ್ರೈವರ್. ಬೆಳಿಗ್ಗೆ ತಮ್ಮ ಮನೆಯಿರುವ ದಾರ್ಸೈಟಿನಿಂದ ಇಪ್ಪತ್ತೈದು ಜನರನ್ನು ಹತ್ತಿಸಿ ಖುರುಮಿನ ಆಫೀಸಿಗೆ ಮುಟ್ಟಿಸಬೇಕು, ಸಂಜೆ ತಿರುಗಿ ತರಬೇಕು. ಹೋದ ವರ್ಷ ಊರಲ್ಲಿ ಅವನ ಅಣ್ಣ ಹೋಗಿಬಿಟ್ಟರು. ಅಪ್ಪನಿಲ್ಲದ ಅವನನ್ನು ಬೆಳೆಸಿ, ಲಾರಿ ಕಲಿಸಿ, ಪಾಸ್‌ಪೋರ್ಟ್ ಮಾಡಿಸಿಕೊಟ್ಟ ಅಣ್ಣ. ಪಾಸ್‌ಪೋರ್ಟ್ ಇದ್ದದ್ದು ವೀಸಾ ಕೊಟ್ಟ ಧಣಿ ಕಫೀಲನ ಹತ್ತಿರ, ಕಫೀಲ ಇದ್ದದ್ದು ದೇಶದ ಹೊರಗೆ. ಅವನು ಬಂದು ರಜೆ ಸಿಗುವಾಗ ಊರಲ್ಲಿ ಹದಿಮೂರನೆಯ ದಿನದ ಬೊಜ್ಜದ ಕ್ರಿಯೆಯೂ ಮುಗಿದಿತ್ತು. “ಇನ್ನು ಹೋಗಿ ಯಾರನ್ನು ನೋಡುದು?” ಎಂದು ಸಂಕಪ್ಪ ಹೋಗಲೇ ಇಲ್ಲ. ಅಳಲೂ ಇಲ್ಲ. ಈ ಜೂನಿನಲ್ಲಿ ಮಗಳನ್ನು ಪಿಯುಸಿಗೆಂದು ಮಂಗಳೂರಿನ ಹಾಸ್ಟೆಲಿಗೆ ಬಿಟ್ಟ ಮೇಲೆ ಮನೆಯಲ್ಲಿ ಇಬ್ಬರೇ. ಆಗ ಉಮಾವತಿಗೆ ಕಂಡದ್ದು, ಗಂಡ ಮಲಗುತ್ತಿಲ್ಲ. ಮಲಗಿದಂತೆ ಮಾಡುತ್ತಾನೆ.

ಅವನನ್ನು ಡಾಕ್ಟರಿಗೆ ತೋರಿಸಲು ಅವಳಿಗೆ ದಾರಿ ಬೇಕಿತ್ತು. ದಾರಿ ತಾನಾಗಿ ತನ್ನ ಮೇಜಿನ ಮೇಲೆ ಬಂದು ಬಿದ್ದಿದೆಯೆಂದುಕೊಂಡಳು.

ಆದರೆ ಆ ಹಾಳೆಯ ಹಣೆಬರಹ ಮೊದಲ ದಿನವೇ ತಿಳಿಯಿತು. ಕೊಗ್ಗನೆಂಬ ಮೇಸ್ತ್ರಿ ಬೆನ್ನುನೋವಿಗೆ ಬಂದಿದ್ದ. ಉಮಾವತಿ ಕನ್ನಡಕ ಸರಿಮಾಡಿಕೊಂಡು ಮೊದಲ ಪ್ರಶ್ನೆ ಓದಲು ಬಾಯಿ ತೆರೆದಳು.

“ಎಲ್ಲದಕ್ಕೂ ಇಲ್ಲ ಅಂತ ಬರೀರಿ ಅಕ್ಕಾ.”

“ನಾನಿನ್ನೂ ಕೇಳಲೇ ಇಲ್ಲವಲ್ಲ.”

“ಕೇಳುದು ಎಂತಕ್ಕೆ? ಬೊಂಬಾಯಿಯಲ್ಲಿ ವೀಸಾದ ಮೆಡಿಕಲ್ ಆಗುವಾಗ ಏಜೆಂಟ್ ಹೇಳಿಕೊಟ್ಟದ್ದು ಗೊತ್ತಿಲ್ವಾ? ಬಿಳಿ ಕೋಟಿನವರು ಎಂತ ಕೇಳಿದ್ರೂ ನಹೀ. ಕೆಮ್ಮು? ನಹೀ. ಮೂಲವ್ಯಾಧಿ? ನಹೀ. ನನ್ನ ಮುಂದಿನವನೊಬ್ಬ ಮದುವೆ ಆಗಿದೆಯಾ ಅಂದದ್ದಕ್ಕೂ ನಹೀ ಹೇಳಿದ. ಮೂರು ಮಕ್ಕಳು ಅವನಿಗೆ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಉಮಾವತಿಯೂ ನಕ್ಕಳು. ಆಮೇಲೆ ಅವಳಿಗೆ ನೆನಪಾಯಿತು: ತಿಂಗಳ ಆರಂಭದಲ್ಲಿ ಸಿಬ್ಬಂದಿಯೆಲ್ಲ ಅಭ್ಯಾಸಕ್ಕೆಂದು ಅದೇ ಹಾಳೆಯನ್ನು ತುಂಬಿಸಿದ್ದರು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದ ತಾನೂ ಇಪ್ಪತ್ತಕ್ಕೆ ಇಪ್ಪತ್ತು ‘ಇಲ್ಲ’ ಎಂದೇ ಬರೆದಿದ್ದಳು. ಸುಳ್ಳು ಹೇಳುತ್ತಿದ್ದೇನೆಂದು ಆಗ ಅನ್ನಿಸಿಯೂ ಇರಲಿಲ್ಲ. ಕೈ ತಾನಾಗಿ ಹೋಗಿತ್ತು.

ಅಷ್ಟಾದರೂ ಅವಳು ಒಂದು ಹಾಳೆಯನ್ನು ಮನೆಗೆ ಒಯ್ದು, ಬೆಳಿಗ್ಗೆ ಚಹಾದ ಜೊತೆ ಸಂಕಪ್ಪನ ಮುಂದಿಟ್ಟಳು. “ಇದೊಂದು ತುಂಬಿಸಿ ಕೊಡಿ. ನಮ್ಮ ಆಫೀಸಿಗೆ ಬೇಕಂತೆ.”

ಸಂಕಪ್ಪ ಓದಿದನೋ ಇಲ್ಲವೋ. ‘ಇಲ್ಲ’ ಎಂಬ ಸಾಲಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಗೀಟು ಎಳೆದು, “ಆಯ್ತಾ? ಖಲಾಸ್,” ಎಂದು ಕೀ ತೆಗೆದುಕೊಂಡು ಹೊರಟ. ಉಮಾವತಿ ಕಿಟಕಿಯಿಂದ ನೋಡಿದಳು. ಅವನು ಬಸ್ಸು ಹತ್ತಿದ. ಸ್ಟಾರ್ಟ್ ಮಾಡಲಿಲ್ಲ. ಸ್ಟೀರಿಂಗಿಗೆ ಹಣೆ ಇಟ್ಟು ಕೂತೇ ಇದ್ದ. ಮೊದಲ ಸ್ಟಾಪಿನವರು ಕಾಯುತ್ತಿರಬಹುದೆಂದು ಅವಳು ಗಡಿಯಾರ ನೋಡಿದಳು. ಮತ್ತೆ ನೋಡುವಾಗ ಬಸ್ಸು ಹೋಗಿತ್ತು. ಆ ದಿನ ಅವನು ಖುರುಮ್ ಮುಟ್ಟಿದ ಮೇಲೆ ಫೋನು ಮಾಡುವವರೆಗೆ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಫೋನು ಮಾಡುವ ಪದ್ಧತಿಯೇನೂ ಅವರಲ್ಲಿರಲಿಲ್ಲ. ಚಪಾತಿಯ ಡಬ್ಬಿ ಮರೆತೆನೆಂದು ಹೇಳಲು ಮಾಡಿದ್ದ.

ಆರು ವಾರ ಕಳೆದ ಮೇಲೆ ಬುಧವಾರದ ಮೀಟಿಂಗಿನಲ್ಲಿ ಡಾಕ್ಟರ್ ಅಲಿ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ಮುಸಂದಮ್‌ನ ಖಸಬ್ ಊರಿನ ಒಮಾನಿ ಅವರು, ಅಪ್ಪ ಮೀನುಗಾರ. ಭಾರತೀಯರೊಡನೆ ಹಿಂದಿಯಲ್ಲೇ ಮಾತಾಡುತ್ತಿದ್ದರು. ಅವರ ಹಿಂದಿಯಲ್ಲಿ ಅರಬ್ಬಿ, ಉಮಾವತಿಯ ಹಿಂದಿಯಲ್ಲಿ ತುಳು. ಆದರೂ ಇಬ್ಬರಿಗೂ ಅರ್ಥವಾಗುತ್ತಿತ್ತು.

“ಉಮಾ ಬೆಹನ್, ನಿಮ್ಮ ಊರಿನವರಷ್ಟು ಸುಖವಾಗಿರುವವರು ಈ ದೇಶದಲ್ಲೇ ಯಾರೂ ಇಲ್ಲ. ನೂರಾ ನಲವತ್ತು ಹಾಳೆ, ಒಂದೇ ಒಂದು ಹೌದು. ಅದೂ ಯಾರೋ ತಪ್ಪಿ ಗುರುತು ಹಾಕಿದ್ದಾರೆ, ಆಮೇಲೆ ಹೊಡೆದುಹಾಕಿದ್ದಾರೆ.” ನಗುತ್ತಲೇ ಹೇಳಿ ಅವರು ಗಂಭೀರವಾದರು. “ನಾನು ಇದನ್ನೇ ಮೇಲಕ್ಕೆ ಕಳಿಸಿದರೆ ಇವರಿಗೆ ಏನೂ ಬೇಡ ಅಂತ ಬರೆದುಬಿಡುತ್ತಾರೆ. ಆದರೆ ಇದೇ ಜನ ನನ್ನ ಹತ್ತಿರ ಗ್ಯಾಸ್, ಎದೆ ಉರಿ, ಬೆನ್ನುನೋವು ಅಂತ ವಾರವಾರ ಬರುತ್ತಾರೆ. ಏನು ಮಾಡೋಣ, ಹೇಳಿ.”

ಆರು ವರ್ಷದಲ್ಲಿ ಒಂದು ಮೀಟಿಂಗಿನಲ್ಲೂ ಬಾಯಿಬಿಡದ ಉಮಾವತಿಗೆ ತನ್ನ ದನಿ ತನಗೇ ಕೇಳಿಸಿತು.

“ಅವರನ್ನು ಅವರ ಬಗ್ಗೆ ಕೇಳಬಾರದು ಡಾಕ್ಟರ್. ರೂಮಿನವರ ಬಗ್ಗೆ ಕೇಳಬೇಕು.”

“ಸ್ವಲ್ಪ ಜೋರಾಗಿ,” ಎಂದರು ಡಾಕ್ಟರು. ಒಲಿಂಡಾ ತನ್ನ ಕುರ್ಚಿಯನ್ನೇ ಅವಳ ಪಕ್ಕಕ್ಕೆ ಎಳೆದುಕೊಂಡಳು.

ಉಮಾವತಿ ಹೇಳಿದಳು. ಎಂಬತ್ತರ ಆರಂಭದಲ್ಲಿ ಗಂಡ ಇಲ್ಲಿ ಏಳು ಜನರ ರೂಮಿನಲ್ಲಿದ್ದ, ಅವಳು ಊರಲ್ಲಿದ್ದಳು. ಪ್ರತಿ ಕಾಗದದಲ್ಲೂ ‘ಇತ್ತ ನಾನು ಕ್ಷೇಮ’ ಎಂಬ ಮೊದಲ ಸಾಲು. ಒಂದು ಮಳೆಗಾಲದಲ್ಲಿ ಕಿನ್ನಿಗೋಳಿಯಿಂದ ಬೀಟ್ರಿಸ್ ಎಂಬ ಗುರುತಿಲ್ಲದ ಹೆಂಗಸು ಎರಡು ಬಸ್ಸು ಬದಲಿಸಿ ಅವಳ ಮನೆಗೆ ಬಂದಳು. ‘ನಿಮ್ಮ ಯಜಮಾನರಿಗೆ ಜಾಂಡೀಸ್ ಆಗಿ ಆಸ್ಪತ್ರೆಯಲ್ಲಿದ್ದರಂತೆ, ಈಗ ಅಡ್ಡಿಯಿಲ್ಲವಂತೆ’ ಎಂದಳು. ಅವಳ ಗಂಡ ಆಸ್ವಾಲ್ಡ್ ಅದೇ ರೂಮಿನವನು. ತನ್ನ ಕ್ಷೇಮ ಬರೆದು, ಕೊನೆಗೆ ಸಂಕಪ್ಪನ ನಿಜ ಬರೆದಿದ್ದ. “ಆಮೇಲೆ ಗೊತ್ತಾಯ್ತು, ಆಸ್ವಾಲ್ಡಣ್ಣನ ಕೈ ಮುರಿದ ಸಂಗತಿ ನಮ್ಮವರು ನನಗೆ ಬರೆದಿದ್ದರು. ನಾನು ಅದನ್ನು ಬೀಟ್ರಿಸ್ ಕಿವಿಗೆ ಹಾಕಿದೆ. ಎಲ್ಲ ಮನೆಗೂ ಹಾಗೆಯೇ. ತನ್ನ ಬಗ್ಗೆ ಯಾರೂ ಬರೆಯುವುದಿಲ್ಲ ಡಾಕ್ಟರ್. ಪಕ್ಕದ ಮಂಚದವನ ಬಗ್ಗೆ ಎಲ್ಲ ಬರೆಯುತ್ತಾರೆ.”

ಡಾಕ್ಟರ್ ಅಲಿ ಹಾಳೆಗಳ ಕಟ್ಟನ್ನು ಬದಿಗೆ ಸರಿಸಿದರು. “ನಮ್ಮ ಖಸಬಿನಲ್ಲೂ ಹಾಗೆಯೇ,” ಎಂದರು. “ಕಡಲಿನಲ್ಲಿ ಅಪ್ಪ ಹೆದರಿದ್ದು ನಮಗೆ ಗೊತ್ತಾಗುತ್ತಿದ್ದದ್ದು ದೋಣಿಯ ಆ ತುದಿಯಲ್ಲಿ ಕೂತವನಿಂದ. ಸರಿ. ಆದರೆ ಇನ್ನೊಬ್ಬ ಹೇಳಿದ್ದನ್ನು ನಾವು ಯಾರ ಫೈಲಿಗೂ ಬರೆಯುವುದು ಬೇಡ. ಅದು ಮಾತಿಗೆ ಬಾಗಿಲು ಅಷ್ಟೆ. ಬರಬೇಕೋ ಬೇಡವೋ ಅನ್ನುವುದು ಆ ಮನುಷ್ಯನಿಗೆ ಬಿಟ್ಟದ್ದು.”

ಹೀಗೆ ಹಾಳೆಯ ನೆತ್ತಿಯ ಮೇಲೆ ಇನ್ನೊಂದು ಸಾಲು ಕೂತಿತು: ‘ನಿಮ್ಮ ಜೊತೆಯಲ್ಲಿರುವವರು ಹೇಗಿದ್ದಾರೆ?’

ಮರುವಾರ ಬಂದ ಹಾಜಬ್ಬ ಕೊಗ್ಗನ ರೂಮಿನವನು, ಪ್ಲಂಬರ್. ತನ್ನ ಕೆಮ್ಮಿನ ಮಾತು ಅರ್ಧ ನಿಮಿಷಕ್ಕೆ ಮುಗಿಸಿ, ಆ ಪ್ರಶ್ನೆಗೆ ಕುರ್ಚಿ ಎಳೆದುಕೊಂಡು ಕೂತ. “ಕೊಗ್ಗಣ್ಣನದ್ದು ಕೇಳ್ಬೇಡಿ ಅಕ್ಕಾ. ಮೊದಲೆಲ್ಲ ಬೆಳಿಗ್ಗೆ ಅವನ ರೇಡಿಯೋದ ಗಲಾಟೆಗೆ ನಾವು ಬಯ್ದು ಎದ್ದೇಳುದು. ಈಗ ಎರಡು ತಿಂಗಳಾಯ್ತು, ರೇಡಿಯೋ ಮುಟ್ಟುದಿಲ್ಲ. ಸೈಟಿಗೆ ಹೋಗ್ತಾನೆ, ಬರ್ತಾನೆ, ಗೋಡೆಗೆ ಮುಖ ಹಾಕ್ತಾನೆ. ಅವನು ಒಮ್ಮೆ ಬಯ್ಯಲಿ ಅಂತ ನಾನು ಅವನ ಚಪ್ಪಲಿ ಹಾಕ್ಕೊಂಡು ತಿರುಗಿದೆ. ಬಯ್ಲಿಲ್ಲ.”

ಎರಡು ದಿನ ಬಿಟ್ಟು ಕೊಗ್ಗ ಬಂದ. ಹಾಜಬ್ಬನ ವಿಷಯ ಅವನೂ ಅಷ್ಟೇ ಉದ್ದ ಹೇಳಿದ: ಹಾಜಬ್ಬ ಊಟದ ತಟ್ಟೆಯ ಮುಂದೆ ಕೂತು ಅಳುತ್ತಾನೆ, ಈರುಳ್ಳಿ ಅನ್ನುತ್ತಾನೆ, ಈರುಳ್ಳಿ ಹೆಚ್ಚುವವನು ನಾನು, ಅವನಲ್ಲ. ಒಲಿಂಡಾ ಇಬ್ಬರನ್ನೂ ಒಂದೇ ದಿನ ಕರೆಸಿದಳು. ಬೆಂಚಿನ ಮೇಲೆ ಒಬ್ಬರನ್ನೊಬ್ಬರು ಕಂಡು, “ನೀನೆಂತ ಮಾರಾಯ ಇಲ್ಲಿ?” “ನಿನಗೋಸ್ಕರ ಬಂದದ್ದು,” “ಸುಮ್ಮನಿರು, ನಾನು ನಿನಗೋಸ್ಕರ ಬಂದದ್ದು,” ಎಂದು ಜಗಳಕ್ಕೇ ಇಳಿದರು. ಕೊನೆಗೆ ಇಬ್ಬರೂ ಒಳಗೆ ಹೋದರು. ಹಾಜಬ್ಬ ಮೊದಲು, ಯಾಕೆಂದರೆ ಕೊಗ್ಗ ಅವನನ್ನು ತಳ್ಳಿದ.

ಉಮಾವತಿ ಇದನ್ನೆಲ್ಲ ನೋಡಿ ನಗುತ್ತಿದ್ದಳು, ಕಾಗದಗಳನ್ನು ಜೋಡಿಸುತ್ತಿದ್ದಳು. ಮನೆಯಲ್ಲಿ ಮಾತ್ರ ಯಾವುದೂ ಬದಲಾಗಿರಲಿಲ್ಲ. ತನ್ನ ಗಂಡನ ಬಗ್ಗೆ ತಾನೇ ಒಲಿಂಡಾಳಿಗೆ ಹೇಳಬಹುದಿತ್ತು. ಪ್ರಶ್ನೆ ಬರೆದವಳೇ ತಾನು. ಮೂರು ಸಲ ಇಂಜೆಕ್ಷನ್ ರೂಮಿನ ಬಾಗಿಲವರೆಗೆ ಹೋದಳು. ಕಂಪೆನಿಗೆ ಗೊತ್ತಾದರೆ? ಡ್ರೈವರಿಗೆ ತಲೆ ಸರಿಯಿಲ್ಲ ಎಂದು ಕಫೀಲನ ಕಿವಿಗೆ ಬಿದ್ದರೆ? ವೀಸಾ ಹೋದರೆ ಊರಿಗೆ ಹೋಗಬಹುದು, ಆದರೆ ಬಸ್ಸೂ ಇಲ್ಲದ ಸಂಕಪ್ಪ ಊರಿನ ಜಗಲಿಯಲ್ಲಿ ಕೂತು ಎಂತ ಮಾಡಿಕೊಂಡಾನು? ಮೂರು ಸಲವೂ ಅವಳು ಹತ್ತಿ ಕೇಳಿ ಪಡೆದುಕೊಂಡು ತಿರುಗಿ ಬಂದಳು. ಮೇಜಿನ ಡ್ರಾಯರಿನಲ್ಲಿ ಹತ್ತಿಯ ಮೂರು ಕಟ್ಟು ಆಯಿತು.

ಡಿಸೆಂಬರ್ ಮೊದಲ ವಾರ, ಬಿಪಿ ಮಾತ್ರೆ ಮುಗಿದಿತ್ತೆಂದು ಸಂಕಪ್ಪ ತಾನಾಗಿ ಕೇಂದ್ರಕ್ಕೆ ಬಂದ. ಹೆಂಡತಿಯ ಕೌಂಟರಿನಲ್ಲಿ ಎಲ್ಲರಂತೆ ಸಾಲಿನಲ್ಲಿ ನಿಂತ. ಅವಳು ಅವನ ಫೈಲು ತೆಗೆದುಕೊಟ್ಟಳು. ಹಾಳೆ ಓದುವ ಸರದಿ ಅವಳದ್ದೇ ಆಗಿತ್ತು, ಅವಳು ಅದರ ಮೂಲೆ ಮಡಚುತ್ತ ಕೂತಳು. ಹಿಂದಿನಿಂದ ಒಲಿಂಡಾ ಬಂದು ಅವಳ ಮುಖ ನೋಡಿದಳು, ಅವನ ಮುಖ ನೋಡಿದಳು, ಹಾಳೆಯನ್ನು ಕೈಯಿಂದ ತೆಗೆದುಕೊಂಡಳು.

“ಬನ್ನಿ ಸಂಕಪ್ಪಣ್ಣ, ಇವತ್ತು ನಿಮಗೆ ನಾನು ಟೀಚರ್. ರೂಮಿನವರು ಹೇಗಿದ್ದಾರೆ?”

“ನನಗೆಲ್ಲಿ ರೂಮಿನವರು ಸಿಸ್ಟರ್? ನಾನು ಫ್ಯಾಮಿಲಿ.”

“ಫ್ಯಾಮಿಲಿ ಅಂದ್ರೆ ಮನುಷ್ಯರಲ್ವಾ? ಬನ್ನಿ, ಒಳಗೆ ಕೂತು ಹೇಳಿ.”

ಬಾಗಿಲು ಮುಚ್ಚಿತು. ಎಲ್ಲದಕ್ಕೂ ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಐದು ನಿಮಿಷವಾಯಿತು. ಹದಿನೈದಾಯಿತು. ಉಮಾವತಿ ಒಬ್ಬನ ಫೈಲನ್ನು ಇನ್ನೊಬ್ಬನಿಗೆ ಕೊಟ್ಟಳು. ಅರ್ಧ ಗಂಟೆಗೆ ಒಲಿಂಡಾ ಹೊರಗೆ ಬಂದು, ಅವಳತ್ತ ನೋಡದೆ, ನೇರ ಡಾಕ್ಟರ ಕೋಣೆಗೆ ಹೋದಳು. ಆಮೇಲೆ ಡಾಕ್ಟರೇ ಎದ್ದು ಅಲ್ಲಿಗೆ ಹೋದರು. ಮತ್ತೆ ಹತ್ತು ನಿಮಿಷ ಬಿಟ್ಟು ಒಲಿಂಡಾ ಕರೆದಳು, “ಉಮಕ್ಕಾ, ಕೌಂಟರಿಗೆ ಬೇರೆಯವರನ್ನು ಕೂರಿಸಿದ್ದೇನೆ. ಬನ್ನಿ.”

ಒಳಗೆ ಸಂಕಪ್ಪ ತೂಕದ ಯಂತ್ರದ ಪಕ್ಕದ ಸ್ಟೂಲಿನಲ್ಲಿ, ಹೆಡ್‌ಮಾಸ್ಟರ ಮುಂದೆ ಕೂತವನಂತೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದ. ಕಣ್ಣು ಒದ್ದೆಯಾಗಿತ್ತು.

“ಉಮಾ ಬೆಹನ್,” ಎಂದರು ಡಾಕ್ಟರ್ ಅಲಿ, “ನಿಮ್ಮ ರೂಮಿನವರು ನಿಮ್ಮ ಬಗ್ಗೆ ತುಂಬ ಹೇಳಿದ್ದಾರೆ. ನಿಮಗೆ ಹೇಳಲು ಅವರ ಒಪ್ಪಿಗೆ ಕೇಳಿದ್ದೇನೆ. ನೀವು ಮೂರು ತಿಂಗಳಿಂದ ನಿದ್ದೆ ಮಾಡುತ್ತಿಲ್ಲವಂತೆ. ಊಟ ಅರ್ಧವಂತೆ. ತೊಳೆದ ಪಾತ್ರೆಯನ್ನೇ ತೊಳೆಯುತ್ತೀರಂತೆ. ಕಿಟಕಿಯಲ್ಲಿ ನಿಂತು ಬಸ್ಸನ್ನು ನೋಡುತ್ತೀರಂತೆ. ಅವರಿಗೆ ನಿಮ್ಮದೇ ಚಿಂತೆ.”

ಉಮಾವತಿ ಗಂಡನತ್ತ ತಿರುಗಿದಳು. “ನೀವು ಮಲಗಿರುವುದಿಲ್ಲ ಅಂತ ನಾನು ಎಚ್ಚರ ಇರುವುದು.”

“ನೀನು ಎಚ್ಚರ ಇದ್ದೀ ಅಂತ ನಾನು ಮಲಗಿದ ಹಾಗೆ ಮಾಡುದು,” ಎಂದ ಸಂಕಪ್ಪ. “ಕಣ್ಣು ಮುಚ್ಚಿಕೊಂಡು ಬಿದ್ದಿರುದು ಎಷ್ಟು ಕಷ್ಟ ಗೊತ್ತುಂಟಾ? ಬಸ್ಸು ಓಡಿಸುದು ಸುಲಭ.”

ಒಲಿಂಡಾ ಮೂಗು ಒರೆಸಿಕೊಂಡಳು. “ಇಬ್ಬರೂ ನಾಟಕದವರು. ಟಿಕೇಟು ಇಡಬಹುದಿತ್ತು.”

ಡಾಕ್ಟರು ತಮ್ಮ ಕುರ್ಚಿಯನ್ನು ಸಂಕಪ್ಪನ ಹತ್ತಿರ ತಂದು ಮಾತನ್ನು ತಗ್ಗಿಸಿದರು. “ಸಂಕಪ್ಪ ಭಾಯ್, ನಿಮ್ಮ ಹೆಂಡತಿಗೆ ನಿದ್ದೆಯ ಔಷಧಿ ನನ್ನ ಹತ್ತಿರ ಇಲ್ಲ. ಅದು ನಿಮ್ಮ ಹತ್ತಿರ ಇದೆ. ನೀವು ಮಲಗಿದರೆ ಅವರು ಮಲಗುತ್ತಾರೆ. ಅವರಿಗೋಸ್ಕರವಾದರೂ ನನ್ನ ಒಂದು ಪ್ರಶ್ನೆಗೆ ನಿಜ ಹೇಳಿ. ಇಲ್ಲದಿದ್ದರೆ ಆಗುತ್ತಿತ್ತು, ಸತ್ತರೆ ಆಗುತ್ತಿತ್ತು ಅಂತ ಯೋಚನೆ ಬರುತ್ತದಾ?”

ಇಷ್ಟು ಸೀದಾ ಕೇಳಬಹುದೆಂದು ಉಮಾವತಿಗೆ ಗೊತ್ತಿರಲಿಲ್ಲ. ಸಂಕಪ್ಪ ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ಆಮೇಲೆ, “ಹೌದು,” ಎಂದ. “ಬಸ್ಸು ಖಾಲಿ ಇರುವಾಗ.”

ಆ ಒಂದು ‘ಹೌದು’ ಬಂದ ಮೇಲೆ ಉಳಿದವೆಲ್ಲ ಒಂದರ ಹಿಂದೊಂದು ಬಂದವು. ಅಣ್ಣನ ಹೆಸರು ಬಂತು. ಅಣ್ಣ ಲಾರಿ ಕಲಿಸುವಾಗ ಕ್ಲಚ್ಚಿನ ಮೇಲೆ ತನ್ನ ಕಾಲನ್ನು ಹಿಡಿದು ಒತ್ತಿಸಿದ್ದು ಬಂತು. ಆ ಕಾಲು ಈಗಲೂ ಕ್ಲಚ್ ಒತ್ತುವಾಗ ಅಣ್ಣನ ಕೈಯನ್ನು ಹುಡುಕುತ್ತದೆ ಎಂದು ಹೇಳಿ ಅವನು ಅತ್ತ. ಹಿಂದಿ ಸಾಕಾಗದೆ ತುಳುವಿಗೆ ಹೋದ. ಒಲಿಂಡಾ ಅದನ್ನು ಹಿಂದಿಗೆ ತರುತ್ತ ತರುತ್ತ ಸುಮ್ಮನಾದಳು. ಡಾಕ್ಟರು ತರ್ಜುಮೆ ಕೇಳಲಿಲ್ಲ.

ಕೊನೆಗೆ ಸಂಕಪ್ಪ ಕೇಳಿದ, “ಇದು ಕಂಪೆನಿಗೆ ಹೋಗ್ತದಾ ಡಾಕ್ಟರ್?”

“ಮೂರು ವಾರ ಸ್ಟೀರಿಂಗ್ ಮುಟ್ಟಬಾರದು. ವಿಶ್ರಾಂತಿ ಬೇಕು ಅಂತ ಮಾತ್ರ ಚೀಟಿ ಬರೆಯುತ್ತೇನೆ. ಈ ಫೈಲು ಹೊರಗಿನ ಆ ಕಬ್ಬಿಣದ ಕಪಾಟಿನಲ್ಲಿರುತ್ತದೆ. ಅದರ ಕೀ ಯಾರ ಹತ್ತಿರ ಇದೆ, ನಿಮಗೇ ಗೊತ್ತು.”

“ಅಯ್ಯೋ, ಅದು ನಮ್ಮವಳ ಹತ್ತಿರವಲ್ವಾ,” ಎಂದ ಸಂಕಪ್ಪ. “ಹಾಗಾದ್ರೆ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ.”

ಮನೆಯಲ್ಲಿ ಮೊದಲ ಎರಡು ವಾರ ಸುಲಭವಿರಲಿಲ್ಲ. ಮಾತ್ರೆಗಳಿಂದ ಸಂಕಪ್ಪನಿಗೆ ಬಾಯಿ ಒಣಗುತ್ತಿತ್ತು, ತಲೆ ಭಾರ. ಸಾಕು, ಖಲಾಸ್, ನಾಳೆಯಿಂದ ಬೇಡ ಎಂದು ಎರಡು ಸಲ ಹಟ ಹಿಡಿದ. ಒಲಿಂಡಾ ಫೋನು ಮಾಡಿ ಬಯ್ದಳು. ಸೋಮವಾರ ಸೋಮವಾರ ಕೇಂದ್ರಕ್ಕೆ ಹೋಗಿ ಕೂತು ಮಾತಾಡಿ ಬರುತ್ತಿದ್ದ. ಅಲ್ಲಿ ಕೊಗ್ಗ, ಹಾಜಬ್ಬ ಗುರುತಾದರು. ನಿಮ್ಮ ಮನೆಯಲ್ಲಿ ಯಾರ ಕಂಪ್ಲೇಂಟು ಎಂದು ಅವರು ಕೇಳಿದರೆ, “ಇಬ್ಬರದ್ದೂ” ಎನ್ನುತ್ತಿದ್ದನಂತೆ. ಡಾಕ್ಟರ ಸಲಹೆಯಂತೆ ಅಣ್ಣನ ಮಗನಿಗೆ ಒಂದು ಕಾಗದ ಬರೆದ. ಉಮಾವತಿ ಅಂಚೆಗೆ ಹಾಕುವ ಮೊದಲು ಓದಲಿಲ್ಲ, ಆದರೆ ಅದು ನಾಲ್ಕು ಪುಟವಿತ್ತು. ಜನವರಿಯಲ್ಲಿ ಮೂರು ತಿಂಗಳ ಲೆಕ್ಕ ಮುಗಿದು, ಸೋಮವಾರದ ಆ ಸಮಯವನ್ನು ಖಾಯಂ ಮಾಡುವುದೆಂದು ಮೇಲಿನಿಂದ ಕಾಗದ ಬಂತು. ಉಮಾವತಿ ಅದನ್ನು ನೋಟೀಸು ಬೋರ್ಡಿಗೆ ಹಾಕುವಾಗ ನಾಲ್ಕು ಮೂಲೆಗೆ ನಾಲ್ಕು ಪಿನ್ನು ಸಾಲದೆಂದು ನಡುವೆಯೂ ಎರಡು ಚುಚ್ಚಿದಳು.

ಡಾಕ್ಟರಿಗೆ ಏನಾದರೂ ಹೇಳಬೇಕೆಂದು ಅವಳು ಎಷ್ಟೋ ಸಲ ಮಾತು ಜೋಡಿಸಿಕೊಂಡಳು. ಎದುರು ನಿಂತಾಗ, “ಡಾಕ್ಟರ್, ಇವರು ನಿನ್ನೆ ಸಾರಿಗೆ ಉಪ್ಪು ಕಡಿಮೆ ಅಂದರು,” ಎಂದಷ್ಟೇ ಬಾಯಿಗೆ ಬಂತು. ಐದು ತಿಂಗಳಿಂದ ಉಪ್ಪಿದ್ದರೂ ಇಲ್ಲದಿದ್ದರೂ ಉಂಡೆದ್ದು ಹೋಗುತ್ತಿದ್ದವನು. ಡಾಕ್ಟರ್ ಅಲಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, “ಅಲ್‌ಹಮ್ದುಲಿಲ್ಲಾ,” ಎಂದರು. ಮತ್ತೆ, “ಹಾಗಾದರೆ ಉಪ್ಪು ಹಾಕಿ, ಆದರೆ ಬಿಪಿ ಇದೆ, ಜಾಸ್ತಿ ಬೇಡ.”

ಆ ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಒಲಿಂಡಾ ದಾರ್ಸೈಟಿನ ಅವರ ಕಟ್ಟಡದ ಮೆಟ್ಟಿಲು ಹತ್ತಿ ಬಂದಳು. ಇಬ್ಬರೂ ಟ್ಯಾಕ್ಸಿಯಲ್ಲಿ ಮೀನಿನ ಮಾರ್ಕೆಟ್ಟಿಗೆ ಹೋಗುವುದೆಂದು ಮಾತಾಗಿತ್ತು. ಎರಡನೆಯ ಮಹಡಿಯಲ್ಲಿ ಉಮಾವತಿ ತನ್ನ ಫ್ಲ್ಯಾಟಿನ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಕರೆಗಂಟೆಯ ಮೇಲೆ ಪ್ಲಾಸ್ಟರ್ ಅಂಟಿಸಿತ್ತು.

“ಎಂತ ಉಮಕ್ಕಾ, ಹೊರಗೆ ಹಾಕಿದ್ರಾ ಸಂಕಪ್ಪಣ್ಣ?”

ಉಮಾವತಿ ತುಟಿಯ ಮೇಲೆ ಬೆರಳಿಟ್ಟಳು. ಒಲಿಂಡಾ ಬಗ್ಗಿ ಕಿವಿ ಕೊಟ್ಟಳು. ಬಾಗಿಲ ಹಿಂದೆ, ಹಜಾರದ ಆಚೆಯಿಂದ, ಹಳೆಯ ಲಾರಿ ಘಾಟಿ ಹತ್ತುವಂತೆ ಒಂದು ಗೊರಕೆ ಬರುತ್ತಿತ್ತು. ನಡುವೆ ನಿಂತುಬಿಟ್ಟಿತೋ ಎನ್ನುವಷ್ಟರಲ್ಲಿ ಮತ್ತೆ ಎಳೆದುಕೊಂಡು ಮೇಲೆ ಹೋಗುತ್ತಿತ್ತು.

“ಎಷ್ಟೊತ್ತಿಂದ?” ಒಲಿಂಡಾ ಪಿಸುಗುಟ್ಟಿದಳು.

“ನಿನ್ನೆ ಹತ್ತಕ್ಕೆ ಮಲಗಿದ್ದು. ಇನ್ನೂ ಎದ್ದಿಲ್ಲ. ಕುಕ್ಕರ್ ಕೂಗಿದರೆ ಎಚ್ಚರ ಆಗ್ತದೆ ಅಂತ ನಾನು ಚಹಾ ಕೂಡ ಮಾಡಲಿಲ್ಲ.”

“ಚಹಾಕ್ಕೆ ಕುಕ್ಕರ್ ಯಾಕೆ ಮಾರಾಯ್ತಿ?”

“ಗೊತ್ತಿಲ್ಲ,” ಎಂದಳು ಉಮಾವತಿ. ಅವಳ ಕಣ್ಣು ತುಂಬಿತ್ತು, ನಗುವೂ ಬರುತ್ತಿತ್ತು. “ಒಲಿಂಡಾ, ಮಾರ್ಕೆಟ್ಟಿಗೆ ಇನ್ನು ಸ್ವಲ್ಪ ಬಿಟ್ಟು ಹೋಗುವ. ಮೀನು ಮುಗಿದರೆ ಮುಗಿಯಲಿ.”

ಒಲಿಂಡಾ ಚಪ್ಪಲಿ ಕಳಚಿ ಸದ್ದಾಗದಂತೆ ಬದಿಗಿಟ್ಟು, ಅವಳ ಪಕ್ಕದ ಮೆಟ್ಟಿಲಿನಲ್ಲಿ ಕೂತಳು. ಕೆಳಗೆ ಯಾರೋ ಜೋರಾಗಿ ಮಾತಾಡುತ್ತ ಮೇಲೆ ಬರುತ್ತಿದ್ದರು. ಇಬ್ಬರೂ ಒಟ್ಟಿಗೇ ಬಗ್ಗಿ, ಮೆಲ್ಲ, ಮೆಲ್ಲ ಎಂದು ಕೈಸನ್ನೆ ಮಾಡಿದರು.